ಅಂಚಿನವರೆಗೆ ನೀರು

ನೆಂಟರಿಷ್ಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಅಡುಗೆಮನೆಯಲ್ಲಿ ಯಾರೋ ಚಮಚ ತಿರುಗಿಸುತ್ತಿದ್ದ ಸದ್ದಿಗೆ. ಮನೆಯ ಲೋಟಗಳ ಸದ್ದೆಲ್ಲ ಅವಳಿಗೆ ಗೊತ್ತು. ಇದು ಸ್ಟೀಲಿನದಲ್ಲ, ಗಾಜಿನದೂ ಅಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ ಹಾಗೆ ದಪ್ಪನೆಯ ಸದ್ದು. ಅದೇನೆಂದು ಹೊಳೆದ ಕೂಡಲೇ ಬರಿಗಾಲಲ್ಲೇ ಓಡಿದಳು. ಅತ್ತೆ ಒಲೆಯ ಪಕ್ಕ ನಿಂತು ಹೊಟ್ಟೆಯುಬ್ಬರದ ಪುಡಿಯನ್ನು ಆ ಬಟ್ಟಲಿನಲ್ಲಿ ಕದಡುತ್ತಿದ್ದರು.

"ಅದರಲ್ಲಿ ಬೇಡ ಅತ್ತೆ."

"ಯಾಕೆ, ತೂತಾಗಿದೆಯಾ?"

"ಅದು ನಮ್ಮದಲ್ಲ."

"ನಮ್ಮನೆ ಕಪಾಟಿನಲ್ಲಿ ಇರೋದು ನಮ್ಮದಲ್ದೆ ಇನ್ಯಾರದು?" ಎಂದು ಅತ್ತೆ ಒಂದೇ ಗುಟುಕಿಗೆ ಕುಡಿದು ಮುಖ ಕಿವಿಚಿದರು. "ತಗೋ, ಕುಡಿದಾಯ್ತು. ಬಯ್ಯೋದಿದ್ರೆ ಬಯ್ದುಬಿಡು. ನೀನು ಸುಮ್ನೆ ನೋಡ್ತಾ ನಿಂತ್ರೆ ನಂಗೆ ಭಯ ಆಗುತ್ತೆ ಕಣೇ."

ಅವಳು ಬಟ್ಟಲನ್ನು ತೊಳೆದು, ಒರೆಸಿ, ಮತ್ತೆ ಒರೆಸಿದಳು. ಹಿಡಿಯಿಲ್ಲದ, ಬೂದಿ ಬಣ್ಣದ, ಎರಡು ಅಂಗೈ ಸೇರಿಸಿದರೆ ಸರಿಯಾಗಿ ಒಳಗೆ ಕೂರುವಷ್ಟು ಗಾತ್ರದ ಪಿಂಗಾಣಿ ಬಟ್ಟಲು. ಅಂಚಿನಲ್ಲಿ ಉಗುರಿನಷ್ಟು ಚೂರು ಎದ್ದುಹೋಗಿತ್ತು. ಅದು ಅವತ್ತು ಬಿದ್ದಾಗ ಎದ್ದದ್ದಲ್ಲ, ಗಂಡ ಅದನ್ನು ಸ್ಟುಡಿಯೋದಿಂದ ತಂದಾಗಲೇ ಹಾಗಿತ್ತು. ಅವತ್ತು ಅವಳು ಅವನ ಭುಜ ಮುಟ್ಟಿದಾಗ ಅದು ಚಾಪೆಯ ಮೇಲೆ ಬಿದ್ದು, ಅರ್ಧ ಸುತ್ತು ಉರುಳಿ, ಕಂಬಳಿಯ ಮೇಲೆ ಮಲಗಿದ ಬೆಕ್ಕಿನಂತೆ ನಿಂತಿತ್ತು, ಅಷ್ಟೆ. ನೀರು ಮಾತ್ರ ಅವನ ಮೊಣಕಾಲಿನಿಂದ ಇಳಿದು ಅವಳ ಪಾದದವರೆಗೂ ಬಂದಿತ್ತು. ತಣ್ಣಗಿತ್ತು. ಅದಕ್ಕೆ ಮೊದಲು, ಅವಳು ಬಾಗಿಲಲ್ಲಿ ನಿಂತು ಮಾತಾಡಿದಷ್ಟು ಹೊತ್ತೂ, ಆ ನೀರು ಅಲ್ಲಾಡಿರಲಿಲ್ಲ. ಇದನ್ನು ಅವಳು ಈ ದಿನಗಳಲ್ಲಿ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೆಂದರೆ, ಈಗ ಅದು ಬಾಯಿಪಾಠವಾಗಿ, ಅರ್ಥ ಸವೆದು, ಬರೀ ಸದ್ದಾಗಿ ಉಳಿದಿತ್ತು. ನೀರು ಅಲ್ಲಾಡಿರಲಿಲ್ಲ. ಅಲ್ಲಾಡಿರಲಿಲ್ಲವೆಂದರೆ ಅವನು ಆಗಲೇ ಹೋಗಿದ್ದ. ಹೋಗಿದ್ದನೆಂದರೆ ಅವನಿಗೆ ಕೇಳಿಸಿಲ್ಲ.

ಡಾಕ್ಟರನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಹೊತ್ತಿಗೆ? ಆತ ಕನ್ನಡಕ ತೆಗೆದು, ಮಗುವಿಗೆ ಹೇಳುವಂತೆ ಹೇಳಿದ್ದ. ನಿದ್ದೆಯಿಂದ ಎದ್ದು ಕೂತ ಮೇಲೆ, ನೀವು ಮುಟ್ಟಿ ನೋಡುವುದಕ್ಕೆ ಮೊದಲು, ಅದರ ನಡುವೆ ಯಾವಾಗ ಬೇಕಾದರೂ ಆಗಿರಬಹುದಮ್ಮ, ಹೃದಯ ನಿಂತಿದ್ದಕ್ಕೆ ಗಡಿಯಾರ ಇರೋದಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಆತ ಅತ್ತೆಯ ಕಡೆ ತಿರುಗಿ, ಇವರನ್ನು ಸ್ವಲ್ಪ ಮಲಗಿಸಿ ಎಂದ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ ಚಿನ್ನದ ಪದಕ ತೆಗೆದುಕೊಂಡವಳನ್ನು ಮಲಗಿಸಿದರು. ಅವಳು ಕಣ್ಣು ಬಿಟ್ಟುಕೊಂಡು, ತಾನಾಡಿದ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನಿಲ್ಲಿಸಿ, ಯಾವ ಮಾತಿನವರೆಗೆ ಅವನು ಇದ್ದ ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತ ಮಲಗಿದಳು.

ಬಂದವರೆಲ್ಲ ಅವಳನ್ನು ಹೊಗಳಿದರು. ಎಂಥ ಗಟ್ಟಿ ಹುಡುಗಿ, ಎಷ್ಟು ಸಮಾಧಾನ ನೋಡಿ, ಒಂದು ಹನಿ ಕಣ್ಣೀರಿಲ್ಲದೆ ಎಲ್ಲರಿಗೂ ಕುರ್ಚಿ ಹಾಕ್ತಿದ್ದಾಳೆ. ಯಾರೋ ದೂರದ ಚಿಕ್ಕಪ್ಪ ಎದ್ದು ನಿಂತು ಅವಳಿಗೆ ಕೈ ಮುಗಿದೇಬಿಟ್ಟರು. ಬೇರೆಯವರ ನಿಲುವಂಗಿ ತೊಟ್ಟು ಬೀದಿಗೆ ಬಂದು, ಅದರ ಒಡೆಯ ಎಲ್ಲಿ ಎದುರಾಗುತ್ತಾನೋ ಎಂದು ಹೆದರಿದವಳಂತೆ ಅವಳು ಒಳಗೆ ಹೋಗಿದ್ದಳು. ಆ ನಿಲುವಂಗಿ ಯಾರದೆಂದು ಅವಳಿಗೆ ಗೊತ್ತಿತ್ತು.

ಅದು ಗುರುವಿನದು. ಎಲ್ಲಿಯದೋ ದೂರದ ದೇಶದ ಕಾದಾಟದ ಧಾರಾವಾಹಿ. ಅದರಲ್ಲಿ ಬೆಟ್ಟದ ಮೇಲಿನ ಗರಡಿಯ ಅಂಗಳವನ್ನು ತಾನೇ ಗುಡಿಸುವ ಮುದುಕ ಗುರುವೊಬ್ಬ. ಹತ್ತು ಜನ ಕತ್ತಿ ಹಿರಿದು ನುಗ್ಗುತ್ತಾರೆ, ಅವನು ಬಟ್ಟಲಿನಲ್ಲಿ ಚಹಾ ಹಿಡಿದು ಕೂತಿರುತ್ತಾನೆ. ಏಳುವುದಿಲ್ಲ. ಎಡಗೈ ಎಲ್ಲಿ ಹೋಯಿತು, ಏನು ಮಾಡಿತು ಕಾಣಿಸುವುದೇ ಇಲ್ಲ. ಹತ್ತೂ ಜನ ಬಿದ್ದಿರುತ್ತಾರೆ, ಚಹಾ ಒಂದು ತೊಟ್ಟೂ ಚೆಲ್ಲಿರುವುದಿಲ್ಲ. ಆಮೇಲೆ ಅವನು, ಬಿದ್ದವರನ್ನು, "ಊಟ ಮಾಡಿದ್ದೀರಾ?" ಎಂದು ಕೇಳುತ್ತಾನೆ. ಇದನ್ನು ಇಲ್ಲಿಯ ಮಾತಿಗೆ ಇಳಿಸುವ ಸ್ಟುಡಿಯೋದಲ್ಲಿ ಅವಳ ಗಂಡನದು ಬೀಳುವವರ ದನಿ. ಹತ್ತು ಜನ ಬಿದ್ದರೆ ಅದರಲ್ಲಿ ಮೂರು ನಾಲ್ಕು ಗಂಟಲು ಅವನದೇ: ಒಂದು ಗಡಸು, ಒಂದು ಕೀರಲು, ಒಂದು ನೆಲಕ್ಕೆ ಬಿದ್ದ ಮೇಲೂ ಮುಲುಗುವಂಥದ್ದು. ಇನ್ನೊಂದಿತ್ತು, ಅವಳಿಗೆ ಬಹಳ ನಗು ತರಿಸುತ್ತಿದ್ದದ್ದು: ಒಲೆ ಆರಿಸದೆ ಬಂದಿದ್ದು ಅರ್ಧ ದಾರಿಯಲ್ಲಿ ನೆನಪಾದವನ ಹಾಗೆ ಸಣ್ಣಗೆ "ಹಾಂ" ಎಂದು ಬೀಳುವವನದು. ಮದುವೆಯಾದ ಹೊಸತರಲ್ಲಿ ಅವನು ಬಚ್ಚಲಿನಲ್ಲಿ ಸಾಯುವುದನ್ನು ಅಭ್ಯಾಸ ಮಾಡುತ್ತಿದ್ದರೆ ಇವಳು ಹೊರಗಿನಿಂದ, ಸೋಪು ಕೊಡಲಾ, ಇಲ್ಲ ಸಂಸ್ಕಾರ ಮಾಡಲಾ ಎಂದು ಕೂಗುತ್ತಿದ್ದಳು.

ಅವನು ಆ ಗುರುವಿಗೆ ಮರುಳಾದದ್ದು ಯಾವಾಗ ಎಂದು ಹೇಳುವುದು ಕಷ್ಟ. ಸಂಜೆ ಇಬ್ಬರೂ ಕೂತು ನೋಡುವಾಗ ಅವನು ಕಾದಾಟವನ್ನು ನೋಡುತ್ತಿರಲಿಲ್ಲ, ಕಾದಾಟಕ್ಕೆ ಮೊದಲಿನ ಸುಮ್ಮನಿರುವಿಕೆಯನ್ನು ನೋಡುತ್ತಿದ್ದ. ಅವಳು ಒಮ್ಮೆ ಕಾಲು ಮಡಚಿ ಕೂತು ಪಾಠ ಮಾಡಿದ್ದಳು. ಶಕ್ತಿಯಿದ್ದೂ ಬಳಸದವನ ಮೇಲೆ ಜನಕ್ಕೆ ಮೋಹ ಯಾಕೆ, ಕೂಗಾಡದ ತಂದೆಯ ಹಂಬಲ ಹೇಗೆ ಕೆಲಸ ಮಾಡುತ್ತದೆ, ಎಲ್ಲ. ಅವನು ಪೂರ್ತಿ ಕೇಳಿ, "ಅಷ್ಟೆಲ್ಲ ಗೊತ್ತಿಲ್ಲ ಕಣೇ. ಅವನ ಪಕ್ಕ ಕೂತ್ಕೊಂಡ್ರೆ ಹೆದರಿಕೆ ಆಗಲ್ಲ ಅಲ್ವಾ, ಅಷ್ಟೆ" ಅಂದ. ಅವಳಿಗೆ ಆಗ ಸ್ವಲ್ಪ ನಾಚಿಕೆಯಾಗಿತ್ತು. ಯಾಕೆಂದರೆ ಅವಳೂ, ಯಾರಿಗೂ ಹೇಳದೆ, ಆ ಮುದುಕನ ಅಂಗಳದ ಮೂಲೆಯಲ್ಲಿ ಎಷ್ಟೋ ಸಲ ಹೋಗಿ ಕೂತಿದ್ದಳು. ತನ್ನನ್ನು ಯಾರೂ ಏನೂ ಕೇಳದ, ಕೇಳಿದರೂ ಊಟವಾಯಿತೇ ಎಂದಷ್ಟೇ ಕೇಳುವ ಒಂದು ಮೂಲೆ.

"ಅವನು ಚಿಕ್ಕವನಿದ್ದಾಗ ಅವರಪ್ಪನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ಮಂಚದ ಕೆಳಗೆ ನುಗ್ತಿದ್ದ," ಎನ್ನುತ್ತಿದ್ದರು ಅತ್ತೆ, ಈಗ, ತರಕಾರಿ ಬುಟ್ಟಿಯನ್ನು ಮುಂದಿಟ್ಟುಕೊಂಡು, ಅವಳು ಕೇಳುತ್ತಿದ್ದಾಳೋ ಇಲ್ಲವೋ ಎಂದೂ ನೋಡದೆ. "ಊಟಕ್ಕೆ ಎಳೆದ್ರೂ ಬರ್ತಿರ್ಲಿಲ್ಲ. ನಾನೇ ತಟ್ಟೆ ಒಳಗೆ ತಳ್ತಿದ್ದೆ. ದೊಡ್ಡವನಾದ ಮೇಲೆ ಕಿರುಚೋದನ್ನೇ ಕೆಲಸ ಮಾಡ್ಕೊಂಡ, ನೋಡು."

ಆಗ ಫೋನು ಬಡಿದುಕೊಂಡಿತು. ಅವನ ಫೋನು, ಕಪಾಟಿನ ಮೇಲೆ. ಅದಕ್ಕೆ ಚಾರ್ಜ್ ಹಾಕಿಡುತ್ತಿದ್ದವರು ಯಾರು? ಅವಳೇ. ಮಾಡುತ್ತಿದ್ದೇನೆಂದು ತಿಳಿಯದೆಯೇ ದಿನವೂ ಹಾಕಿಟ್ಟಿದ್ದಳು. ಇಬ್ಬರೂ ಅದನ್ನು ಹಾವು ನೋಡುವಂತೆ ನೋಡಿದರು. ಕೊನೆಗೆ ಅವಳೇ ಎತ್ತಿಕೊಂಡಳು.

"ಮೇಡಂ, ನಾನು ಸ್ಟುಡಿಯೋದಿಂದ, ರೆಕಾರ್ಡಿಸ್ಟು," ಎಂದಿತು ದನಿ. "ನಿಮ್ಮ ನಂಬರು ಇರ್ಲಿಲ್ಲ, ಅದಕ್ಕೇ ಇದಕ್ಕೆ... ಹೇಗಿದ್ದೀರಿ ಅಂತ ಕೇಳೋಕೂ ಬಾಯಿ ಬರಲ್ಲ. ಹೇಳೋಕೆ ನಾಚಿಕೆ ಆಗುತ್ತೆ. ಆ ಬಟ್ಟಲು ನಿಮ್ಮನೇಲಿ ಇದೆಯಾ?"

"ಇದೆ."

"ಇವತ್ತು ಕೊನೇ ಕಂತು. ಗುರುಗಳು, ಅದೇ ಗುರುವಿನ ದನಿ ಕೊಡೋ ಯಜಮಾನ್ರು, ಬಂದು ಕೂತಿದ್ದಾರೆ, ಬಾಯೇ ಬಿಡ್ತಿಲ್ಲ. ಅಂದ್ರೆ ಬಿಡ್ತಿದ್ದಾರೆ, ಬರೀ ಬೈಗುಳ. ಬಟ್ಟಲು ಬೇಕಂತೆ. ಬೇರೆ ಬಟ್ಟಲು ಕೊಟ್ರೆ ನನ್ನ ತಲೆಗೇ ಹೊಡೀತಾರೆ. ನಾನೇ ಬಂದು ತಗೊಂಡು ಹೋಗ್ಲಾ?"

"ಬೇಡ. ನಾನು ತರ್ತೀನಿ."

ಅತ್ತೆ ಕೈಯಲ್ಲಿದ್ದ ಬೀನ್ಸನ್ನು ಬುಟ್ಟಿಗೆ ಬಿಟ್ಟರು. "ಇವತ್ತೇ ಹೋಗ್ಬೇಕಾ? ಜನ ಏನಂತಾರೆ?"

"ಗಟ್ಟಿ ಹುಡುಗಿ ಅಂತಾರೆ ಅತ್ತೆ."

ಆಡಿದ ಮೇಲೆ ಅದರ ಒರಟು ಅವಳಿಗೇ ತಿಳಿಯಿತು. ಅತ್ತೆ ಮಾತ್ರ ಯಾಕೋ ನಕ್ಕುಬಿಟ್ಟರು, ಆಮೇಲೆ ನಕ್ಕಿದ್ದಕ್ಕೆ ಕಣ್ಣೊರೆಸಿಕೊಂಡರು.

ಬಸ್ಸಿನಲ್ಲಿ ಅವಳು ಬಟ್ಟಲನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎರಡೂ ಕೈ ಅದರ ಸುತ್ತ ತಾವಾಗಿಯೇ ಬಂದು ಕೂತವು. ಅವನೂ ಹೀಗೆಯೇ ಕೂರುತ್ತಿದ್ದ. ಗುರುವಿನ ದನಿ ಕೊಡುವ ಹಿರಿಯರಿಗೆ ಗಂಟಲು ಕೈಕೊಡುತ್ತಿದೆ, ಮುಂದಿನ ಧಾರಾವಾಹಿಗೆ ಹೊಸಬರನ್ನು ನೋಡುತ್ತಾರಂತೆ ಎಂದು ಸುದ್ದಿಯಾದ ಮೇಲೆ, ಅವನು ಹೋಗಿ ಅವರ ಕಾಲ ಬಳಿ ಕೂತು ಈ ಬಟ್ಟಲನ್ನು ಕೇಳಿ ತಂದಿದ್ದ. ಅವರು ಮೈಕಿನ ಮುಂದೆ ಇದಕ್ಕೆ ಅಂಚಿನವರೆಗೆ ನೀರು ತುಂಬಿ ಹಿಡಿದುಕೊಂಡೇ ಮಾತಾಡುತ್ತಾರೆ, ಅದಕ್ಕೇ ಆ ದನಿ ಹಾಗೆ ಬರುತ್ತದೆ ಎಂದು ಅವನ ನಂಬಿಕೆ. ಅಂದಿನಿಂದ ಬೆಳಿಗ್ಗೆ ಎದ್ದವನೇ ಕಿಟಕಿಯ ಬಳಿಯ ಕುರ್ಚಿಯಲ್ಲಿ ತುಂಬಿದ ಬಟ್ಟಲು ಹಿಡಿದು ಕೂರುವುದು. "ಆಗ ಮಾತ್ರ ನನ್ನ ಮಾತಾಡಿಸಬೇಡ. ಮಾತು ಯಾರು ಬೇಕಾದ್ರೂ ಆಡ್ತಾರೆ, ಅದಕ್ಕೆ ಮುಂಚೆ ಸುಮ್ನಿರ್ತಾನಲ್ಲ, ಅದು ಕಷ್ಟ." ಮೊದಮೊದಲು ಅವಳಿಗೆ ಇಷ್ಟವಾಗಿತ್ತು. ಬಚ್ಚಲಿನ ಸಾವುಗಳು ನಿಂತು ಮನೆ ಹಗುರಾಗಿತ್ತು. ಆಮೇಲೆ ಆ ಮೌನ ಕುರ್ಚಿಯಿಂದ ಇಳಿದು ಮನೆಯೆಲ್ಲ ಓಡಾಡತೊಡಗಿತು. ಜಗಳಕ್ಕೆ ಕರೆದರೆ ಬರುತ್ತಿರಲಿಲ್ಲ. ಇವಳು ಕೂಗಿದರೆ ತುಟಿಯಂಚಿನಲ್ಲಿ ಆ ಮುದುಕನ ನಗು. ಗೋಡೆಗೆ ಚೆಂಡು ಎಸೆದರೆ ಕಡೇ ಪಕ್ಷ ತಿರುಗಿ ಬರುತ್ತದೆ.

ಕೊನೆಯ ರಾತ್ರಿ ಅಕ್ಕನ ಮನೆಯಲ್ಲಿ ಊಟ. ಭಾವನ ಆಫೀಸಿನ ದೊಡ್ಡವರೆಲ್ಲ ಬಂದಿದ್ದರು. ಭಾವ ಎಲ್ಲರೆದುರು ಅವನ ಬೆನ್ನು ಚಪ್ಪರಿಸಿ, "ಇವರು ದಿನಾ ಸಾಯೋಕೆ ಸಂಬಳ ತಗೋತಾರೆ. ನಾವು ಬಿಟ್ಟಿ ಸಾಯ್ತಾ ಇದ್ದೀವಿ. ಎಲ್ಲಿ, ಒಂದ್ಸಲ ಸತ್ತು ತೋರಿಸಪ್ಪ!" ಎಂದಿದ್ದ. ಅವನು ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. ಈಗ ಏನೋ ಹೇಳುತ್ತಾನೆ, ಇಲ್ಲ ಎದ್ದು ಹೊರಡುತ್ತಾನೆ ಎಂದು ಅವಳು ಉಸಿರು ಬಿಗಿಹಿಡಿದಿದ್ದಳು. ಅವನು ಮುಗುಳ್ನಕ್ಕು, ಎದೆ ಹಿಡಿದುಕೊಂಡು, ಕುರ್ಚಿಯಿಂದ ಜಾರಿ ಸತ್ತು ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಅವಳ ಮುಖ ನೋಡದೆ ಎಲ್ಲರಿಗೂ ಹಣ್ಣು ಕೊಟ್ಟಳು.

ಮರುದಿನ ಬೆಳಿಗ್ಗೆ ಅವನು ಕೂತಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಶುರು ಮಾಡಿದಳು. ಮುಖ ನೋಡಲಾರದೆ ಬಟ್ಟಲನ್ನೇ ನೋಡುತ್ತ ಮಾತಾಡಿದಳು. ಯಾಕೆ ಹಾಗೆ ಮಾಡಿದೆ? ನಿನಗೆ ಮಾನ ಇಲ್ಲದಿದ್ರೆ ಬೇಡ, ನನಗಿದೆ. ಕೂತ್ಕೋ, ಕೂತ್ಕೋ, ದೊಡ್ಡ ಗುರು! ಕಿಟಕಿಯ ಚೌಕ ನೀರಿನಲ್ಲಿ ಸ್ವಚ್ಛವಾಗಿ ಕಾಣಿಸುತ್ತಿತ್ತು. ಆಮೇಲೆ ಆ ಕೊನೆಯ ಮಾತು: "ಆ ದನಿ ನಿನಗೆ ಯಾವತ್ತೂ ಬರಲ್ಲ. ಹತ್ತರಲ್ಲಿ ಒಬ್ಬನಾಗಿ ಬೀಳೋದೇ ನಿನ್ನ ಹಣೆಬರಹ. ನೀನು ಸತ್ರೂ ಅದು ಯಾರ ದನಿ ಅಂತ ಯಾರಿಗೂ ಗೊತ್ತಾಗಲ್ಲ." ತಿರುಗಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಸ್ನಾನ ಮಾಡಿದಳು. ನೀರು ಅಲ್ಲಾಡಿರಲಿಲ್ಲ.

"ಇಳೀತೀರಾ, ಇಲ್ಲೇ ಮನೆ ಮಾಡ್ತೀರಾ?" ಎಂದ ಕಂಡಕ್ಟರ್.

ಸ್ಟುಡಿಯೋದ ಬಾಗಿಲು ಹಾಸಿಗೆಯಷ್ಟು ದಪ್ಪವಿತ್ತು. ಒಳಗೆ ಕಾಲಿಟ್ಟ ಕೂಡಲೇ ಬೀದಿಯ ಸದ್ದೆಲ್ಲ ಕತ್ತರಿಸಿ ತೆಗೆದಂತೆ ಹೋಯಿತು; ಕಿವಿಯಲ್ಲಿ ತನ್ನದೇ ರಕ್ತ ಹರಿಯುವುದು ಕೇಳಿಸಿತು. ಗೋಡೆಯ ತುಂಬ ಬೂದು ಸ್ಪಂಜು. ಬೀಳುವವರ ದನಿಯ ಇಬ್ಬರು ಹುಡುಗರು ಅವಳನ್ನು ಕಂಡು ಎದ್ದು ನಿಂತರು. ಒಬ್ಬ ತನ್ನ ಕುರ್ಚಿಯನ್ನು ತಾನೇ ಒರೆಸಿದ. ಗಾಜಿನ ಆಚೆ ರೆಕಾರ್ಡಿಸ್ಟು ಎರಡೂ ಕೈ ಜೋಡಿಸಿದ. ಮೈಕಿನ ಮುಂದೆ, ತುಂಡು ಸ್ಟೂಲಿನ ಮೇಲೆ, ಒಬ್ಬ ಸಣಕಲು ಮುದುಕ ಒಂದೇ ಸಮ ಕಾಲು ಕುಣಿಸುತ್ತ, ಮೂಗು ಒರೆಸುತ್ತ, ಗಾಜಿನ ಕಡೆ ಬೆರಳು ಚಾಚಿ ಕಿರುಚುತ್ತಿದ್ದ.

"ಆ ಫ್ಯಾನು ನಿಲ್ಲಿಸೋ ಅಂದ್ರೆ ನಿಲ್ಸಿದ್ದೀನಿ ಅಂತೀಯಾ! ನನ್ನ ಒಂದು ಕಿವಿ ಹೋಗಿರಬಹುದು, ಇನ್ನೊಂದು ನಿನ್ನ ಮದುವೆ ಆಗೋ ತನಕ ಇರುತ್ತೆ!"

"ಗುರುಗಳೇ, ಮೇಡಂ ಬಂದಿದ್ದಾರೆ," ಎಂದಿತು ಸ್ಪೀಕರು.

ಮುದುಕ ತಿರುಗಿ ನೋಡಿದ. ಹತ್ತು ಜನರನ್ನು ಕೂತಲ್ಲಿಂದಲೇ ಕೆಡವುವ ಆ ದನಿಯ ಒಡೆಯ ಇವನೇ. ಸ್ವೆಟರಿನ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಎದ್ದು ಬಂದು ಅವಳೆದುರು ನಿಂತು, ಬಟ್ಟಲಿನ ಟವೆಲನ್ನು ಬಿಚ್ಚಿದ.

"ಒಡೆದಿಲ್ಲ," ಎಂದ.

"ಬಿತ್ತು. ಆದ್ರೆ ಒಡೀಲಿಲ್ಲ. ಆ ಚೂರು ಮೊದಲೇ..."

"ಅದು ನಾನೇ ಕೆಡವಿದ್ದು ತಾಯಿ, ನೀನು ಹುಟ್ಟೋಕೆ ಮುಂಚೆ." ಅವನು ಅಂಚಿನ ಚೂರಿನ ಮೇಲೆ ಹೆಬ್ಬೆರಳು ಆಡಿಸಿದ. "ನಾನಾಗಿದ್ರೆ ಬರ್ತಿರ್ಲಿಲ್ಲ. ಎಲ್ಲಿಗೂ ಹೋಗ್ತಿರ್ಲಿಲ್ಲ. ನೀನು ನೋಡು, ನಿಂತಿದ್ದೀಯ, ಹೇಗೆ... ಅವನೇನೋ ನನ್ನ ಥರ ಆಗ್ಬೇಕು ಅಂತಿದ್ದ. ನನ್ನ ಥರ! ನಮ್ಮನೆಯವಳು ಕೇಳಿದ್ರೆ ಬಿದ್ದು ಬಿದ್ದು ನಗ್ತಾಳೆ."

ಅವಳು ಕೇಳಬೇಕೆಂದು ಬಂದಿರಲಿಲ್ಲ. ಆದರೂ ಕೇಳಿದಳು. ದನಿ ತೀರ ಸಮವಾಗಿ ಬಂತು. "ನೀರು ಅಲ್ಲಾಡದ ಹಾಗೆ ಎಷ್ಟು ಹೊತ್ತು ಹಿಡಿಯೋಕಾಗುತ್ತೆ?"

"ಯಾವನ ಕೈಲಾಗುತ್ತೆ?" ಮುದುಕ ಮೂಲೆಯ ಹೂಜಿಯಿಂದ ಬಟ್ಟಲಿಗೆ ನೀರು ಬಗ್ಗಿಸುತ್ತಿದ್ದ. ನೆಲದ ಮೇಲೂ ಬಿತ್ತು. "ಇಷ್ಟು ವರ್ಷ ಹಿಡಿದಿದ್ದೀನಿ, ಒಂದು ದಿನಾನೂ ನೀರು ನಿಂತಿದ್ದಿಲ್ಲ. ಅಲ್ಲಾಡೋದು ಕಾಣ್ಲಿ ಅಂತಲೇ ಹಿಡಿಯೋದು. ಎದೆ ಹಾರೋದು ಗಂಟಲಿಗಿಂತ ಮೊದಲು ನೀರಿಗೆ ಗೊತ್ತಾಗುತ್ತೆ. ಅದನ್ನ ನೋಡಿ ದನಿ ತಗ್ಗಿಸ್ಕೋತೀನಿ, ಅಷ್ಟೇ ನನ್ನ ವಿದ್ಯೆ. ಅವನಿಗೂ ಹೇಳಿದ್ದೆ. ಅವನು ಕೇಳ್ಬೇಕಲ್ಲ! ನಿಲ್ಲಿಸ್ತೀನಿ ಅಂತಿದ್ದ. ಹಿಡ್ಕೋ ಸ್ವಲ್ಪ, ಮೂಗು ಒರೆಸ್ಕೋತೀನಿ."

ತುಂಬಿದ ಬಟ್ಟಲು ಅವಳ ಕೈಗೆ ಬಂತು. ಯಾರ ಕೈಲೂ ಆಗುವುದಿಲ್ಲ. ಅಂದರೆ ಸರಿಯೇ ಆಯಿತಲ್ಲ. ಅವಳ ಲೆಕ್ಕಕ್ಕೆ ಇನ್ನೇನು ಬೇಕು? ಅಲ್ಲಾಡದ ನೀರನ್ನು ಹಿಡಿದವನು ಬದುಕಿರಲಿಲ್ಲ. ಅವಳ ಭುಜಗಳು ಸಡಿಲವಾದವು. ಅಷ್ಟರಲ್ಲಿ ಗಾಜಿನ ಆಚೆಯಿಂದ, "ಗುರುಗಳೇ, ಬೀಳೋರ ದನಿ ಮೊದಲೇ ತುಂಬಿಟ್ಟಿದೆ, ಒಂದ್ಸಲ ಹಿಂದಿನಿಂದ ಹಾಕ್ತೀನಿ, ಕೇಳ್ಕೊಂಡು ಶುರು ಮಾಡಿ" ಎಂದಿತು ಸ್ಪೀಕರು. ದೀಪ ಇಳಿಯಿತು. ಪರದೆಯ ಮೇಲೆ ಅಂಗಳ, ಪೊರಕೆ, ಕೂತ ಗುರು. ಹತ್ತು ಜನ ನುಗ್ಗಿದರು. ಗಡಸು ಗಂಟಲೊಂದು ಬಿತ್ತು. ಕೀರಲು ಬಿತ್ತು. ಆಮೇಲೆ ಎಡಗಡೆಯ ಸ್ಪೀಕರಿನಿಂದ, ಇಷ್ಟು ಗದ್ದಲದ ನಡುವೆ, ಸಣ್ಣಗೆ, ಒಲೆ ಆರಿಸದೆ ಬಂದದ್ದು ನೆನಪಾದವನ ಹಾಗೆ, "ಹಾಂ."

ಅವಳು ಕೈ ಅಲುಗಿಸಲಿಲ್ಲ. ಉಸಿರೂ ಬಿಡಲಿಲ್ಲ. ಆದರೂ ಬಟ್ಟಲಿನ ನಡುವಿನಿಂದ ಕೂದಲೆಳೆಯಷ್ಟು ತೆಳ್ಳನೆಯ ಬಳೆಯೊಂದು ಎದ್ದು, ದೊಡ್ಡದಾಗುತ್ತ ಬಂದು, ಚೂರು ಎದ್ದ ಅಂಚಿನಲ್ಲಿ ಮುರಿಯಿತು.

ಇದೇ ಬಳೆ. ಇದನ್ನು ಅವಳು ಆ ಬೆಳಿಗ್ಗೆ ನೋಡಿದ್ದಳು. ಕಿಟಕಿಯ ಚೌಕ ನೀರಿನಲ್ಲಿ ಒಡೆದು, ಮತ್ತೆ ಕೂಡಿಕೊಂಡದ್ದನ್ನು ನೋಡಿದ್ದಳು. ಯಾರಿಗೂ ಗೊತ್ತಾಗಲ್ಲ ಎಂಬ ಮಾತು ಬಾಯಿಂದ ಬಿದ್ದ ಮೇಲೆ. ಬರೀ ನೋಡಿರಲಿಲ್ಲ. ತಗುಲಿತು, ಕೊನೆಗೂ ತಗುಲಿತು ಎಂದು ಅವಳಿಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಹೊತ್ತುಕೊಂಡೇ ಬಚ್ಚಲಿಗೆ ಹೋಗಿ, ಅದು ಆರದಂತೆ ಬಿಸಿನೀರು ಹೊಯ್ದುಕೊಂಡಿದ್ದಳು. ಅವನು ಇದ್ದ. ಎದೆ ಹಿಡಿದುಕೊಳ್ಳುವಂತಿರಲಿಲ್ಲ, ಎರಡೂ ಕೈಯಲ್ಲಿ ಬಟ್ಟಲಿತ್ತು. ಅಥವಾ ಹಿಂದಿನ ರಾತ್ರಿ ಒಮ್ಮೆ ಹಿಡಿದು ತೋರಿಸಿದ್ದನಲ್ಲ, ಇನ್ನೊಮ್ಮೆ ಹಿಡಿದರೆ ಇವಳು ಏನನ್ನುತ್ತಾಳೋ ಎಂದುಕೊಂಡನೋ. ಮಂಚದ ಕೆಳಗಿನ ಹುಡುಗ ಕುರ್ಚಿಯ ಮೇಲೆ ಕೂತು, ತಲೆಯ ಮೇಲಿನಿಂದ ಬರುತ್ತಿದ್ದ ಕೂಗನ್ನೆಲ್ಲ ಕೇಳಿಸಿಕೊಂಡು, ಅಂಚಿನವರೆಗೆ ತುಂಬಿದ್ದನ್ನು ಚೆಲ್ಲದೆ ಹಿಡಿಯಲು ನೋಡಿದ್ದ, ಆಗದೆ ಹೋಗಿತ್ತು. ಅಷ್ಟು ಸಣ್ಣಗೆ ಉತ್ತರ ಕೊಟ್ಟಿದ್ದ. ಅದು ಉತ್ತರವೆಂದು ಅವಳಿಗೆ ಗೊತ್ತಾಗಿಯೂ ಇತ್ತು.

ಪರದೆ ನಿಂತಿತು. ಬಿದ್ದವರು ಬಿದ್ದಲ್ಲೇ ಹೆಪ್ಪುಗಟ್ಟಿದರು.

"ಮೂರನೆಯವರು," ಎಂದಳು ಅವಳು. ಈ ಸಲ ದನಿ ಸಮವಾಗಿರಲಿಲ್ಲ. ಸ್ಪಂಜಿನ ಗೋಡೆಗಳು ಅದನ್ನು ಕೂಡಲೇ ಕುಡಿದುಬಿಟ್ಟವು. "ಈಗ ಬಿದ್ದವರಲ್ಲಿ ಮೂರನೆಯವರು. ಅದು ನಮ್ಮನೆಯವರು."

ಹುಡುಗರಲ್ಲಿ ಒಬ್ಬ ತಲೆಯಾಡಿಸಿದ. ಮುದುಕ ತನ್ನ ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿದ. "ಏನಂದೆ ತಾಯಿ?"

"ಅವರಿಗೆ ಕೇಳಿಸ್ತಿತ್ತು."

ಅವಳ ಕೈಯಲ್ಲಿ ಈಗ ಬಳೆಯ ಹಿಂದೆ ಬಳೆ ಎದ್ದು, ನೀರು ಅಂಚು ದಾಟಿ ಅವಳ ಬೆರಳ ಸಂದಿಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ತೋಳಿಗೆ ಇಳಿಯುತ್ತಿತ್ತು. ತಣ್ಣಗಿತ್ತು.

"ಚೆಲ್ತಾ ಇದೆ," ಎಂದಳು.

"ಚೆಲ್ಲಲಿ. ಕೊಡು ಇಲ್ಲಿ."

ಅವನು ಎರಡೂ ಕೈ ಚಾಚಿದ. ಅವಳಿಗಿಂತ ಅವನ ಕೈ ಹೆಚ್ಚು ನಡುಗುತ್ತಿತ್ತು. ಸ್ವಲ್ಪ ಹೊತ್ತು ಬಟ್ಟಲನ್ನು ನಾಲ್ಕು ಕೈಗಳು ಹಿಡಿದಿದ್ದವು, ಯಾರ ನಡುಕ ಯಾರದೆಂದು ನೀರಿಗೂ ತಿಳಿಯಲಿಲ್ಲ. ಆಮೇಲೆ ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.